ಮಣ್ಣಿನ ಮಾದರಿ ತೆಗೆಯುವುದು: ಸಾಧನ, ವಿಧಾನ ಮತ್ತು ತರಗತಿಯ ಎರಡು ಪ್ರಶ್ನೆಗಳು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ಗೊಬ್ಬರದ ಭಾಗಕ್ಕೆ ಬಂದಾಗ, ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕಬೇಕು ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುವುದು ನನ್ನ ಯೋಚನೆ. ಪಾಠಯೋಜನೆಯಲ್ಲಿ ಅದಕ್ಕೆ ಕೊಟ್ಟಿದ್ದು ಐದು ನಿಮಿಷ. ಆ ಐದು ನಿಮಿಷ ನಾಲ್ಕು ತರಗತಿಗಳಾಗಿ ಬೆಳೆಯಿತು. ಅದಕ್ಕೆ ಕಾರಣ ಮಕ್ಕಳು ಕೇಳಿದ ಎರಡು ಪ್ರಶ್ನೆಗಳು. ಒಂದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದಕ್ಕೆ ಗೊತ್ತಿದೆ ಎಂದುಕೊಂಡು ತಪ್ಪು ಉತ್ತರ ಕೊಟ್ಟೆ.

ಬಿ.ಎಸ್ಸಿ.ಯಲ್ಲಿ ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಓದಿದ ನನಗೆ ಪ್ರಯೋಗಾಲಯಕ್ಕೆ ಬಂದ ಮಣ್ಣನ್ನು ಪರೀಕ್ಷಿಸುವುದು ಗೊತ್ತಿತ್ತು. ಮಣ್ಣು ಪ್ರಯೋಗಾಲಯಕ್ಕೆ ಬರುವ ಮೊದಲು ಏನಾಗಬೇಕು ಎಂಬುದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಈ ಲೇಖನ ಆ ಮೊದಲಿನ ಹಂತದ ಬಗ್ಗೆ.

ನಾನು ಕೊಟ್ಟ ತಪ್ಪು ಉತ್ತರ

ಪಾಠದ ಎರಡನೆಯ ದಿನ ಒಬ್ಬ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತಂದಿದ್ದಳು. ಅವಳ ತಾತನ ಜಮೀನು ಬೈರಮಂಗಲದ ಹತ್ತಿರ. ನಮ್ಮ ಭಾಗದವರಿಗೆ ಬೈರಮಂಗಲ ದೂರದ ಊರಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ರಾಜಕಾಲುವೆಗಳಲ್ಲಿ ಹರಿಯುವುದು ವೃಷಭಾವತಿಯನ್ನು ಸೇರುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರೂ ಸೇರುತ್ತದೆ. ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿ ಕಡೆಗೆ ಹರಿದು ಆ ನೀರು ನಿಲ್ಲುವುದು ಬೈರಮಂಗಲದ ಕೆರೆಯಲ್ಲಿ. ಅಲ್ಲಿಂದ ಕಾಲುವೆಗಳಲ್ಲಿ ಹೊಲಗಳಿಗೆ. ಅಂದರೆ ನಾವು ಇಲ್ಲಿ ಬಚ್ಚಲಿಗೆ ಬಿಟ್ಟದ್ದು ಅಲ್ಲಿ ಬೆಳೆಗೆ ಹೋಗುತ್ತದೆ.

“ಮಿಸ್, ನೀರು ಗಲೀಜು ಅಂತಾರೆ. ಅಲ್ಲಿ ಬೆಳೆದ ಸೊಪ್ಪು ತಿನ್ನಬಹುದಾ? ಈ ಮಣ್ಣು ನೋಡಿ ಹೇಳ್ತೀರಾ?” ಎಂದು ಕೇಳಿದಳು.

ನನ್ನ ಬಳಿ ಪಿಎಚ್ ಕಾಗದ ಇತ್ತು. ಲೋಟದಲ್ಲಿ ಮಣ್ಣು ಕದಡಿ, ತಿಳಿಯಾದ ಮೇಲೆ ಕಾಗದ ಅದ್ದಿದೆ. 7ರ ಹತ್ತಿರದ ಬಣ್ಣ ಬಂತು. “ತಟಸ್ಥವಾಗಿದೆ, ಚೆನ್ನಾಗಿದೆ” ಎಂದೆ. ಅವಳಿಗೆ ಸಮಾಧಾನವಾಯಿತು. ತರಗತಿಗೂ ಪ್ರಯೋಗ ಇಷ್ಟವಾಯಿತು.

ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿದ ಮಾರ್ಗದರ್ಶಕ ಶಿಕ್ಷಕಿ ಆಮೇಲೆ ನಾಲ್ಕೇ ಪ್ರಶ್ನೆ ಕೇಳಿದರು. ಹೊಲದ ಎಷ್ಟು ಕಡೆಯಿಂದ ತೆಗೆದ ಮಣ್ಣು? ಎಷ್ಟು ಆಳದಿಂದ? ಯಾವುದರಿಂದ ಅಗೆದರು? ಆ ಚೀಲದಲ್ಲಿ ಮೊದಲು ಏನಿತ್ತು? ನಾಲ್ಕಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ವಿಚಾರಿಸಿದರೆ, ಬದುವಿನ ಪಕ್ಕ ಒಂದೇ ಕಡೆ ಕೈಯಲ್ಲಿ ಕೆದಕಿ ತೆಗೆದ ಮಣ್ಣು ಅದು. ಚೀಲದಲ್ಲಿ ಮೊದಲು ಯೂರಿಯಾ ಇತ್ತು. “ಅದೆಲ್ಲ ಸರಿ ಇದ್ದರೂ ಮಗು ಕೇಳಿದ್ದು ಸೊಪ್ಪಿನ ವಿಷಯ, ನೀನು ಹೇಳಿದ್ದು ಹುಳಿ-ಕ್ಷಾರದ ವಿಷಯ” ಎಂದರು ಮೇಡಂ.

ಅಂದು ಸಂಜೆ ಮನೆಯಲ್ಲಿ ಆ ಹುಡುಗಿ ಏನು ಹೇಳಿರಬಹುದು ಎಂದು ಯೋಚಿಸಿದೆ. “ಮಿಸ್ ಟೆಸ್ಟ್ ಮಾಡಿದ್ರು, ತಿನ್ನಬಹುದಂತೆ” ಎಂದು ಹೇಳಿರುತ್ತಾಳೆ.

ಮಾದರಿಯಲ್ಲಿ ಎರಡು ಬಗೆ

ಮಣ್ಣಿನ ಮಾದರಿಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಬೇಕೆಂದೇ ಬೆರೆಸಿದ ಮಾದರಿ ಒಂದು, ಬೆರೆಯದಂತೆ ಕಾಪಾಡಿದ ಮಾದರಿ ಇನ್ನೊಂದು.

ಒಂದು ಹೊಲಕ್ಕೆ ಸರಾಸರಿ ಎಷ್ಟು ಗೊಬ್ಬರ ಬೇಕು ಎಂಬುದು ಪ್ರಶ್ನೆಯಾದರೆ ಹೊಲದ ಹಲವು ಕಡೆಯ ಮಣ್ಣನ್ನು ಬೆರೆಸಬೇಕು. ಯಾವ ಪದರದ ಮೇಲೆ ಯಾವ ಪದರ ಇದೆ, ಯಾವುದು ಮೊದಲು ಬಂತು, ಮಣ್ಣು ಎಷ್ಟು ಗಟ್ಟಿಯಾಗಿದೆ ಎಂಬುದು ಪ್ರಶ್ನೆಯಾದರೆ ಬೆರೆಸಿದ ಕ್ಷಣಕ್ಕೆ ಉತ್ತರ ಅಳಿಸಿಹೋಗುತ್ತದೆ. ಆಗ ಕೊಳವೆಯನ್ನು ನೆಲಕ್ಕೆ ಇಳಿಸಿ, ಒಳಗಿನ ಮಣ್ಣನ್ನು ಕಂಬದಂತೆ ಹೊರತೆಗೆಯಬೇಕು. ಇದಕ್ಕೆ ಕೋರ್ ಎನ್ನುತ್ತಾರೆ. ಮಕ್ಕಳಿಗೆ ನಾನು ‘ಕೊಳವೆ ಮಾದರಿ’ ಎಂದು ಹೇಳಿದೆ.

ಸಾಧನವನ್ನು ಆರಿಸುವುದು ಪ್ರಶ್ನೆ. ನಾನು ಮಾಡಿದ್ದು ಇದರ ತಿರುವುಮುರುವು. ಕೈಯಲ್ಲಿ ಪಿಎಚ್ ಕಾಗದ ಇದ್ದುದರಿಂದ ಅದು ಉತ್ತರಿಸಬಲ್ಲ ಪ್ರಶ್ನೆಗೇ ಉತ್ತರ ಕೊಟ್ಟೆ.

ಬೆರೆಸಿದ ಮಾದರಿ ತೆಗೆಯುವ ಕ್ರಮ

ಇದು ರೈತ ಸಂಪರ್ಕ ಕೇಂದ್ರಗಳಲ್ಲಿ ಹೇಳಿಕೊಡುವ ಕ್ರಮ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲೂ ಮೂಲತತ್ತ್ವ ಇದೇ.

ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ 10ರಿಂದ 15 ಜಾಗ ಗುರುತಿಸಬೇಕು. ಬದುವಿನ ಪಕ್ಕ, ಮರದ ಬುಡ, ತಿಪ್ಪೆಯ ಜಾಗ, ನೀರು ಹರಿಯುವ ಕಾಲುವೆಯ ಅಂಚು ಬಿಡಬೇಕು. ಆಗತಾನೆ ಗೊಬ್ಬರ ಹಾಕಿದ ಹೊಲದಿಂದ ತೆಗೆಯಬಾರದು. ಪ್ರತಿ ಜಾಗದಲ್ಲಿ ಮೇಲಿನ ಕಸಕಡ್ಡಿ ಸರಿಸಿ, ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಓರೆ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ, ಸುಮಾರು ಎರಡು ಸೆಂ.ಮೀ.ನ ಹೋಳು ಕತ್ತರಿಸಬೇಕು. ಮೇಲೆ ದಪ್ಪ, ಕೆಳಗೆ ತೆಳು ಆದರೆ ಮೇಲ್ಮಣ್ಣಿಗೆ ಹೆಚ್ಚು ಮತ ಹಾಕಿದಂತೆ.

ಎಲ್ಲ ಹೋಳುಗಳನ್ನು ಒಂದು ಬಟ್ಟೆಯ ಮೇಲೆ ಪುಡಿಮಾಡಿ ಬೆರೆಸಿ, ವೃತ್ತಾಕಾರವಾಗಿ ಹರಡಿ, ನಾಲ್ಕು ಭಾಗ ಮಾಡಬೇಕು. ಎದುರುಬದುರು ಇರುವ ಎರಡು ಭಾಗ ಬಿಸಾಡಿ, ಉಳಿದೆರಡನ್ನು ಮತ್ತೆ ಬೆರೆಸಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆ. ನೆರಳಿನಲ್ಲಿ ಒಣಗಿಸಿ, ಶುಭ್ರವಾದ ಬಟ್ಟೆಯ ಚೀಲದಲ್ಲಿ ಕಟ್ಟಿ, ಜಾಗ, ದಿನಾಂಕ, ಆಳ ಬರೆದ ಚೀಟಿ ಇಡಬೇಕು. ಗೊಬ್ಬರದ ಚೀಲ ಎಷ್ಟು ಕೊಡವಿದರೂ ಬೇಡ.

ಈ ಭಾಗವನ್ನು ತರಗತಿಯಲ್ಲಿ ರಾಗಿ ಮತ್ತು ಹೆಸರುಕಾಳು ಬೆರೆಸಿ ಮಾಡಿಸಿದೆ. ನಾಲ್ಕು ಭಾಗ ಮಾಡುತ್ತ ಹೋದರೂ ಕಾಳುಗಳ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುವುದನ್ನು ಮಕ್ಕಳು ಎಣಿಸಿಯೇ ನೋಡಿದರು. ಮೇಲಿನಿಂದ ಒಂದು ಹಿಡಿ ತೆಗೆದ ಗುಂಪಿಗೆ ಮಾತ್ರ ಲೆಕ್ಕ ತಪ್ಪಿತು.

ಕೊಳವೆ, ಬೈರಿಗೆ, ಉಂಗುರ

ಬೆರೆಯದ ಮಾದರಿಗೆ ಬಳಸುವ ಸಾಧನಗಳು ಹಲವು. ಎಲ್ಲದರ ಉದ್ದೇಶವೂ ಒಂದೇ ಅಲ್ಲ.

*ತಿರುಪು ಬೈರಿಗೆ.* ಬಡಗಿಯ ಬೈರಿಗೆಯನ್ನು ದೊಡ್ಡದು ಮಾಡಿದಂತಿರುತ್ತದೆ. ತಿರುಗಿಸಿದಂತೆ ನೆಲಕ್ಕಿಳಿಯುತ್ತದೆ, ಮಣ್ಣು ತಿರುಪಿಗೆ ಅಂಟಿ ಬರುತ್ತದೆ. ಆಳಕ್ಕೆ ಬೇಗ ಹೋಗಬಹುದು. ಆದರೆ ಮೇಲೆ ಬರುವಾಗ ಮಣ್ಣು ಗುಂಡಿಯ ಗೋಡೆಗೆ ಉಜ್ಜಿ ಸ್ವಲ್ಪ ಬೆರೆಯುತ್ತದೆ. ಸರಿಸುಮಾರು ಯಾವ ಆಳದಲ್ಲಿ ಯಾವ ಮಣ್ಣು ಎಂದು ತಿಳಿಯಲು ಸಾಕು.

*ಬಕೆಟ್ ಬೈರಿಗೆ.* ತುದಿಯಲ್ಲಿ ಬಾಗಿದ ಅಲಗುಗಳಿರುವ ಸಣ್ಣ ಡಬ್ಬಿ. ಮರಳು ಮಿಶ್ರಿತ ಸಡಿಲ ಮಣ್ಣು ಉದುರದಂತೆ ಹಿಡಿದು ತರುತ್ತದೆ.

*ಕೊಳವೆ ಸಲಾಕೆ.* ಒಂದು ಬದಿ ತೆರೆದ ಕಿರಿದಾದ ಉಕ್ಕಿನ ಕೊಳವೆ. ಕಾಲಿನಿಂದ ಒತ್ತಿ ಇಳಿಸಿ ಎಳೆದರೆ ಮಣ್ಣಿನ ಕಂಬ ಕಣ್ಣಿಗೆ ಕಾಣುತ್ತದೆ. ಹದವಾದ, ಕಲ್ಲಿಲ್ಲದ ಮಣ್ಣಿಗೆ ಚೆನ್ನ. ನಮ್ಮ ಕೆಮ್ಮಣ್ಣಿನ ಕೆಳಗೆ ಗರಸು ಸಿಕ್ಕ ಕೂಡಲೇ ನಿಲ್ಲುತ್ತದೆ. ಬೆಂಗಳೂರಿನ ಕೆಮ್ಮಣ್ಣು ಇಲ್ಲಿನ ನೈಸ್ ಶಿಲೆ ಕಾಲಾಂತರದಲ್ಲಿ ಶಿಥಿಲಗೊಂಡು ಆದದ್ದು. ಲಾಲ್‌ಬಾಗಿನ ಬಂಡೆ ಆ ಶಿಲೆಯೇ. ಹಾಗಾಗಿ ಕೆಳಗಿಳಿದಂತೆ ಮಣ್ಣು, ಗರಸು, ಕೊಳೆತ ಕಲ್ಲು, ಗಟ್ಟಿ ಬಂಡೆ ಎಂಬ ಕ್ರಮ ಸಿಗುತ್ತದೆ. ಬಾವಿ ತೋಡುವವರಿಗೆ ಇದು ಪಾಠವಿಲ್ಲದೆ ಗೊತ್ತು.

*ಉಂಗುರ.* ಗೊತ್ತಾದ ಗಾತ್ರದ ಉಕ್ಕಿನ ಬಳೆ. ಮಣ್ಣಿನ ಸಾಂದ್ರತೆ ಅಳೆಯಲು ಬೇಕು.

ಸಾಧನದ ಲೋಹವೂ ಮುಖ್ಯ. ನಾನು ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು ಜಿ.ಐ. ಪೈಪ್. ಅದರ ಮೇಲಿರುವುದು ಸತುವಿನ ಲೇಪ. ಪದರ ನೋಡಲು ಅಡ್ಡಿಯಿಲ್ಲ. ಮಣ್ಣಿನಲ್ಲಿ ಸತು ಎಷ್ಟಿದೆ ಎಂದು ಪರೀಕ್ಷಿಸಬೇಕಾದರೆ ಆ ಪೈಪೇ ಸುಳ್ಳು ಸಾಕ್ಷಿ ಹೇಳುತ್ತದೆ. ತುಕ್ಕು ಹಿಡಿದ ಗುದ್ದಲಿಯಿಂದ ಕಬ್ಬಿಣದ ಪರೀಕ್ಷೆಗೂ ಇದೇ ತೊಂದರೆ. ಲಘುಪೋಷಕಾಂಶ ಅಥವಾ ಭಾರಲೋಹದ ಪರೀಕ್ಷೆಗೆ ತುಕ್ಕು ಹಿಡಿಯದ ಉಕ್ಕು, ಮರ ಅಥವಾ ಪ್ಲಾಸ್ಟಿಕ್ ಬಳಸಬೇಕು.

“ಎಂಟು ಸೆಂಟಿಮೀಟರ್ ಎಲ್ಲಿ ಹೋಯ್ತು ಮಿಸ್?”

ಕೊನೆಗೆ ನಾವು ಬಳಸಿದ್ದು 50 ಸೆಂ.ಮೀ. ಉದ್ದದ ಪಿವಿಸಿ ಪೈಪ್. ಪ್ಲಂಬರ್ ಒಬ್ಬರಿಂದ ಉದ್ದಕ್ಕೆ ಎರಡಾಗಿ ಸೀಳಿಸಿ, ಮತ್ತೆ ಜೋಡಿಸಿ, ಟೇಪ್ ಸುತ್ತಿ, ಮೇಲ್ಭಾಗಕ್ಕೆ ಕ್ಲ್ಯಾಂಪ್ ಬಿಗಿದೆ. ಕೆಳತುದಿಯನ್ನು ಹೊರಗಿನಿಂದ ಅರದಿಂದ ಉಜ್ಜಿ ಚೂಪು ಮಾಡಿದೆ. ಒಳಗಿನಿಂದ ಉಜ್ಜಿದರೆ ಮಣ್ಣು ಒಳಕ್ಕೆ ಒತ್ತಿಕೊಳ್ಳುತ್ತದೆ. ಹಿಂದಿನ ದಿನ ನೀರು ಹಾಕಿಸಿದ್ದ ಮೈದಾನದ ಅಂಚಿನಲ್ಲಿ, ಪೈಪಿನ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದು 30 ಸೆಂ.ಮೀ. ಇಳಿಸಿದೆವು. ನಿಧಾನ ತಿರುಗಿಸಿ ಎಳೆದು, ಟೇಪ್ ಬಿಚ್ಚಿ, ಅವರೆಕಾಯಿ ಸುಲಿದಂತೆ ತೆರೆದೆವು.

ಮೇಲೆ ಕಂದು ಮಣ್ಣು, ಬೇರು. ಕೆಳಗೆ ಕೆಂಪು. ನಡುವೆ, ಮೇಲಿನಿಂದ 14 ಸೆಂ.ಮೀ. ಕೆಳಗೆ, ಇಟ್ಟಿಗೆ ಚೂರು ಮತ್ತು ಗಾರೆಯ ತೆಳು ಪದರ. ಮಕ್ಕಳು ಶಾಲೆಯ ಅಟೆಂಡರ್ ಅವರನ್ನು ಕೇಳಿಬಂದರು. ಹೊಸ ಕೊಠಡಿ ಕಟ್ಟಿದ ಮೇಲೆ ಉಳಿದದ್ದನ್ನು ಹರಡಿ, ಮೇಲೆ ಮಣ್ಣು ಹೊಡೆಸಿ ಮಟ್ಟಸ ಮಾಡಿದ್ದರಂತೆ. ಹಿಂದಿನ ದಿನ ಗುದ್ದಲಿಯಿಂದ ಅಗೆದ ರಾಶಿಯಲ್ಲೂ ಇಟ್ಟಿಗೆ ಚೂರು ಇತ್ತು. ಅದು ನಡುವಿನ ಪದರ ಎಂದು ರಾಶಿ ಹೇಳಲಿಲ್ಲ.

ಅಷ್ಟರಲ್ಲಿ ಸ್ಕೇಲ್ ಹಿಡಿದಿದ್ದ ಹುಡುಗ ಕೇಳಿದ: “ಮೂವತ್ತು ಇಳಿಸಿದ್ವಿ. ಇಲ್ಲಿ ಇಪ್ಪತ್ತೆರಡೇ ಇದೆ. ಎಂಟು ಸೆಂಟಿಮೀಟರ್ ಎಲ್ಲಿ ಹೋಯ್ತು ಮಿಸ್?”

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ರಾತ್ರಿ ಓದಿಕೊಂಡು ಬಂದು, ಮರುದಿನ ಪಕ್ಕದ ಜಾಗದಲ್ಲಿ ಮತ್ತೆ ಮಾಡಿದೆವು. ಈ ಸಲ ಎಳೆಯುವ ಮೊದಲೇ ಎರಡು ಅಳತೆ ತೆಗೆದುಕೊಂಡೆವು. ಪೈಪಿನ ಬಾಯಿಂದ ಹೊರಗಿನ ನೆಲಕ್ಕೆ 20 ಸೆಂ.ಮೀ. ಪೈಪಿನ ಬಾಯಿಂದ ಒಳಗಿನ ಮಣ್ಣಿನ ಮೇಲ್ಮೈಗೆ 25 ಸೆಂ.ಮೀ. ಒಳಗೆ ಮಣ್ಣು ಐದು ಸೆಂ.ಮೀ. ಕುಗ್ಗಿತ್ತು. ಹೊರತೆಗೆದ ಮೇಲೆ ಮತ್ತೆ 22 ಸೆಂ.ಮೀ. ಕಂಬವೇ ಸಿಕ್ಕಿತು. ಗುಂಡಿಗೆ ಸ್ಕೇಲ್ ಇಳಿಸಿದರೆ ಆಳ 27 ಮಾತ್ರ. ಉಳಿದ ಮೂರು ಸೆಂ.ಮೀ. ಗುಂಡಿಯ ತಳದಲ್ಲೇ ಉದುರಿ ಕುಳಿತಿತ್ತು. ಲೆಕ್ಕ ಸರಿಹೋಯಿತು.

ಕುಗ್ಗಲು ಕಾರಣ ಎರಡು. ಸಡಿಲ ಮಣ್ಣು ಒತ್ತಡಕ್ಕೆ ಅಡಕವಾಗುತ್ತದೆ. ಅಲ್ಲದೆ ಪೈಪಿನ ಒಳಗೋಡೆಯ ಘರ್ಷಣೆಯಿಂದ ಒಳಗಿನ ಮಣ್ಣು ಬಿರಡೆಯಂತೆ ನಿಂತು, ಕೆಳಗಿನ ಮಣ್ಣು ಒಳಬರದೆ ಪಕ್ಕಕ್ಕೆ ಸರಿಯುತ್ತದೆ. ಉದುರಲು ಕಾರಣ, ಎಳೆಯುವಾಗ ತಳದಲ್ಲಿ ಹಿಡಿತವಿಲ್ಲದಿರುವುದು. ಇಡೀ ಪೈಪ್ ಆಗಿದ್ದರೆ ಮೇಲಿನ ಬಾಯಿಗೆ ಮುಚ್ಚಳ ಬಿಗಿದು ಗಾಳಿ ತಡೆಯಬಹುದಿತ್ತು. ಸೀಳಿದ ಪೈಪಿನಲ್ಲಿ ಗಾಳಿ ಸೋರುತ್ತದೆ. ಪದರ ನೋಡುವ ಅನುಕೂಲಕ್ಕೆ ಕೊಟ್ಟ ಬೆಲೆ ಅದು.

ಹಾಗಾದರೆ ಇಟ್ಟಿಗೆ ಪದರ ನೆಲದಲ್ಲಿ ನಿಜವಾಗಿ ಎಷ್ಟು ಆಳದಲ್ಲಿದೆ? 30 ಸೆಂ.ಮೀ. ನೆಲ 25 ಸೆಂ.ಮೀ. ಕಂಬವಾಗಿದ್ದರೆ, ಕಂಬದ 14 ಸೆಂ.ಮೀ. ಎಂದರೆ ನೆಲದ ಸುಮಾರು 17 ಸೆಂ.ಮೀ. ಪಕ್ಕದಲ್ಲಿ ಗುಂಡಿ ತೋಡಿ ಗೋಡೆ ಕೆರೆದು ಅಳೆದಾಗ 17ರಿಂದ 18ರ ನಡುವೆ ಸಿಕ್ಕಿತು. ಎಲ್ಲ ಪದರವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಈ ಲೆಕ್ಕ ಅಂದಾಜು ಮಾತ್ರ ಎಂದೂ ಹೇಳಿದೆ. ಅನುಪಾತದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಆ ಅವಧಿಯಲ್ಲಿ ಸಿಗಲಿಲ್ಲ.

ಮನೆ ಕಟ್ಟುವ ಮೊದಲಿನ ಗುದ್ದು

“ನಮ್ಮ ಬೀದಿಯಲ್ಲೂ ಮನೆ ಕಟ್ಟೋ ಮುಂಚೆ ಮೂರು ಕಾಲಿನ ಸ್ಟ್ಯಾಂಡ್ ಹಾಕಿ ಪೈಪ್ ಗುದ್ದುತ್ತಿದ್ರು” ಎಂದ ಇನ್ನೊಬ್ಬ. ಅದು ಸಾಯಿಲ್ ಟೆಸ್ಟಿನವರ ಸೀಳು ಕೊಳವೆ. ನಮ್ಮ ಅವರೆಕಾಯಿ ಪೈಪಿನ ಅಣ್ಣ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 45 ಸೆಂ.ಮೀ. ಇಳಿಯುವವರೆಗೆ, ಪ್ರತಿ 15 ಸೆಂ.ಮೀ.ಗೆ ಎಷ್ಟು ಪೆಟ್ಟು ಬಿತ್ತು ಎಂದು ಎಣಿಸುತ್ತಾರೆ. ಮೊದಲ 15ನ್ನು ಬಿಟ್ಟು, ಉಳಿದ 30 ಸೆಂ.ಮೀ.ನ ಪೆಟ್ಟುಗಳ ಮೊತ್ತವೇ ಆ ಆಳದ ನೆಲದ ಗಟ್ಟಿತನದ ಅಂಕಿ. ಅಡಿಪಾಯದ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವುದು ಇದನ್ನು.

ಆದರೆ ಆ ಕೊಳವೆಯೊಳಗಿನ ಮಣ್ಣು ಕೆಡದೆ ಬಂದದ್ದಲ್ಲ. ಇದನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ. ಕೊಳವೆಯ ಹೊರವ್ಯಾಸದ ವರ್ಗದಿಂದ ಒಳವ್ಯಾಸದ ವರ್ಗವನ್ನು ಕಳೆದು, ಒಳವ್ಯಾಸದ ವರ್ಗದಿಂದ ಭಾಗಿಸಿ, 100ರಿಂದ ಗುಣಿಸಬೇಕು. ಒಳಬಂದ ಮಣ್ಣಿಗೆ ಹೋಲಿಸಿದರೆ ಕೊಳವೆಯ ದಪ್ಪ ಎಷ್ಟು ಮಣ್ಣನ್ನು ಪಕ್ಕಕ್ಕೆ ತಳ್ಳಿತು ಎಂಬುದನ್ನು ಅದು ಹೇಳುತ್ತದೆ. ಸೀಳು ಕೊಳವೆಯ ಹೊರವ್ಯಾಸ 50.8 ಮಿ.ಮೀ., ಒಳವ್ಯಾಸ 35 ಮಿ.ಮೀ. ಉತ್ತರ ಸುಮಾರು 111 ಶೇಕಡ. ನಮ್ಮ ಪಿವಿಸಿ ಪೈಪಿನದು 63 ಮತ್ತು 58 ಮಿ.ಮೀ. ಉತ್ತರ 18 ಶೇಕಡ. ಮಣ್ಣು ಕೆಡದೆ ಬರಬೇಕೆಂದಾಗ ಎಂಜಿನಿಯರುಗಳು ಸುಮಾರು 10 ಶೇಕಡ ಅಥವಾ ಅದಕ್ಕಿಂತ ಕಡಿಮೆ ಇರುವ ತೆಳುಗೋಡೆಯ ಕೊಳವೆಯನ್ನು, ಗುದ್ದದೆ ಒಂದೇ ಸಮನೆ ಒತ್ತಿ ಇಳಿಸುತ್ತಾರೆ.

ಮೈದಾನ ಮತ್ತು ಹೊಂಗೆಯ ನೆರಳು

ಉಂಗುರದ ಪ್ರಯೋಗಕ್ಕೆ ನಮ್ಮ ಕಾಲೇಜಿನಿಂದ 5 ಸೆಂ.ಮೀ. ಒಳವ್ಯಾಸ, 5 ಸೆಂ.ಮೀ. ಎತ್ತರದ ಉಕ್ಕಿನ ಉಂಗುರ ತಂದೆ. ಅದರ ಗಾತ್ರ ಸುಮಾರು 98 ಘನ ಸೆಂ.ಮೀ. ಮಕ್ಕಳು ಆಡುವ ಮೈದಾನದ ನಡುವೆ ಒಂದು, ಹೊಂಗೆ ಮರದ ಕೆಳಗೆ ಒಂದು ಮಾದರಿ ತೆಗೆದೆವು. ಎರಡು ತುದಿಯನ್ನೂ ಚಾಕುವಿನಿಂದ ಸಮ ಮಾಡಿ, ಕಾಲೇಜಿನ ಓವನ್ನಿನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ತೂಗಿದೆ. ಮೈದಾನದ ಮಣ್ಣು 167 ಗ್ರಾಂ, ಹೊಂಗೆಯ ಕೆಳಗಿನದು 123 ಗ್ರಾಂ. ಅಂದರೆ ಘನ ಸೆಂ.ಮೀ.ಗೆ 1.70 ಮತ್ತು 1.25 ಗ್ರಾಂ.

ಮಣ್ಣಿನ ಕಣಗಳ ಸಾಂದ್ರತೆಯನ್ನು ಸಾಮಾನ್ಯವಾಗಿ 2.65 ಎಂದು ಹಿಡಿಯುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಮೈದಾನದ ಮಣ್ಣಿನಲ್ಲಿ ಖಾಲಿ ಜಾಗ ಸುಮಾರು 36 ಶೇಕಡ, ಹೊಂಗೆಯ ಕೆಳಗೆ 53 ಶೇಕಡ. ಮಳೆ ಬಂದಾಗ ಮೈದಾನದಲ್ಲಿ ನೀರು ಇಂಗದೆ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ರಾಜಕಾಲುವೆಗೆ ಏಕೆ ಓಡುತ್ತದೆ ಎಂದು ಮಕ್ಕಳೇ ವಿವರಿಸಿದರು.

ನೀರಿನ ಕೆಳಗಿನ ಮಣ್ಣು

ಕೆರೆಯ ತಳದ ಹೂಳು ಒಂದರ ಮೇಲೊಂದು ಕೂರುತ್ತ ಹೋಗುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ರೈತರು ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವಾಗ ಅವರಿಗೆ ಬೇಕಾದದ್ದು ಅದರ ಸಾರ. ವಿಜ್ಞಾನಿಗಳಿಗೆ ಬೇಕಾದದ್ದು ಅದರ ಕ್ರಮ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತೀಯ ಗುಣವನ್ನು ಪದರ ಪದರವಾಗಿ ಅಳೆದು, ಕಳೆದ ಸುಮಾರು 3,700 ವರ್ಷಗಳ ಮುಂಗಾರಿನ ಏರಿಳಿತವನ್ನು 2006ರಲ್ಲಿ ಪ್ರಕಟಿಸಿದರು. ಜೋರು ಮಳೆಯ ಕಾಲದಲ್ಲಿ ಸುತ್ತಲಿನ ನೆಲದಿಂದ ಕಬ್ಬಿಣಾಂಶದ ಕಾಂತೀಯ ಕಣಗಳು ಹೆಚ್ಚಾಗಿ ಕೊಚ್ಚಿ ಬರುತ್ತವೆ ಎಂಬುದು ಅದರ ಹಿಂದಿನ ತರ್ಕ.

ಪದರದ ವಯಸ್ಸು ತಿಳಿಯಲು ಹಳೆಯ ಹೂಳಿಗೆ ಇಂಗಾಲ-14 (ಅರ್ಧಾಯುಷ್ಯ 5,730 ವರ್ಷ), ಕಳೆದ ನೂರು-ನೂರೈವತ್ತು ವರ್ಷಗಳಿಗೆ ಸೀಸ-210 (ಸುಮಾರು 22 ವರ್ಷ) ಬಳಸುತ್ತಾರೆ. ವಾತಾವರಣದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಸಾಮಾನ್ಯವಾಗಿ 1963ರ ಪದರದಲ್ಲಿ ಅತಿ ಹೆಚ್ಚು. ಆದರೆ ಕೆರೆಯ ಹೂಳೆತ್ತಿದ್ದರೆ ಈ ಪುಸ್ತಕದ ಹಾಳೆಗಳೇ ಕಿತ್ತುಹೋಗಿರುತ್ತವೆ. ನಗರದ ಕೆರೆಗಳಲ್ಲಿ ಮಾದರಿ ತೆಗೆಯುವವರು ಮೊದಲು ವಿಚಾರಿಸುವುದು ಹೂಳೆತ್ತಿದ ಇತಿಹಾಸವನ್ನು.

ಹೂಳು ತೆಗೆಯುವ ಸಾಧನಗಳಲ್ಲಿ ಸರಳವಾದದ್ದು ದವಡೆಯಂತೆ ಬಾಯಿ ಮುಚ್ಚುವ ಹಿಡಿಕೆ. ಅದು ಮೇಲಿನ ಹೂಳನ್ನು ಬಾಚಿ ಬೆರೆಸಿಬಿಡುತ್ತದೆ. ತೂಕ ಕಟ್ಟಿದ ಕೊಳವೆಯನ್ನು ದೋಣಿಯಿಂದ ಬಿಟ್ಟರೆ ತನ್ನ ಭಾರಕ್ಕೆ ತಾನೇ ಹೂಳಿಗೆ ಇಳಿಯುತ್ತದೆ. ಅದು ಗುರುತ್ವ ಕೋರ್. ಇನ್ನೂ ಉದ್ದದ ಕಂಬ ಬೇಕಾದರೆ ಪಿಸ್ಟನ್ ಕೋರ್. ಕೊಳವೆಯೊಳಗಿನ ಕೊಂತ ಹೂಳಿನ ಮೇಲ್ಮೈ ಮಟ್ಟದಲ್ಲೇ ನಿಲ್ಲುತ್ತದೆ, ಕೊಳವೆ ಮಾತ್ರ ಕೆಳಗಿಳಿಯುತ್ತದೆ. ಕೊಂತದ ಕೆಳಗೆ ಉಂಟಾಗುವ ಸೆಳೆತ ಹೂಳು ಕುಗ್ಗದಂತೆ ಹಿಡಿಯುತ್ತದೆ. ಸಮುದ್ರ ತಳಕ್ಕೆ ಈ ಉಪಾಯವನ್ನು ಸ್ವೀಡನ್ನಿನ ಕುಲೆನ್‌ಬರ್ಗ್ 1940ರ ದಶಕದಲ್ಲಿ ರೂಪಿಸಿದರು. ಹೊರತೆಗೆದ ಕೋರನ್ನು ಉದ್ದಕ್ಕೆ ಸೀಳಿ, ಒಂದರ್ಧವನ್ನು ಪರೀಕ್ಷೆಗೆ ಬಳಸಿ, ಇನ್ನೊಂದರ್ಧವನ್ನು ಮುಟ್ಟದೆ ಕಾದಿಡುವ ರೂಢಿಯಿದೆ. ನಾಳೆ ಯಾರಾದರೂ ಅನುಮಾನಪಟ್ಟರೆ ಮತ್ತೆ ನೋಡಲು.

ಸಿರಿಂಜಿನ ಪಿಸ್ಟನ್ ಕೋರ್

ಇದನ್ನು ತರಗತಿಯಲ್ಲಿ ಮಾಡುವುದು ಸುಲಭ. ಪಾರದರ್ಶಕ ಡಬ್ಬಿಯಲ್ಲಿ ನೀರು ತುಂಬಿ, ಕೆಮ್ಮಣ್ಣು, ಮರಳು, ಬೂದಿ, ಮತ್ತೆ ಕೆಮ್ಮಣ್ಣು ಹೀಗೆ ಒಂದೊಂದನ್ನೇ ಬಿಟ್ಟುಬಿಟ್ಟು ಸುರಿದು, ರಾತ್ರಿಯಿಡೀ ಕೂರಲು ಬಿಡಬೇಕು. ಹೊಸ 20 ಮಿ.ಲೀ. ಸಿರಿಂಜಿನ ಮೂತಿಯನ್ನು ಶಿಕ್ಷಕರೇ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಬೇಕು. ಸೂಜಿ ಬೇಡವೇ ಬೇಡ.

ಒಂದು ಗುಂಪಿಗೆ ದಪ್ಪ ಸ್ಟ್ರಾ, ಇನ್ನೊಂದಕ್ಕೆ ಸಿರಿಂಜ್ ಕೊಟ್ಟೆ. ಸ್ಟ್ರಾ ಇಳಿಸಿ, ಮೇಲಿನ ಬಾಯಿಗೆ ಬೆರಳಿಟ್ಟು ಎತ್ತಿದವರಿಗೆ 6 ಸೆಂ.ಮೀ. ಹೂಳಿನ ಜಾಗದಲ್ಲಿ 4 ಸೆಂ.ಮೀ. ಬಂತು. ಸಿರಿಂಜಿನ ಗುಂಪಿನವರು ಕೊಂತವನ್ನು ಹೂಳಿನ ಮೇಲ್ಮೈಗೆ ತಾಗಿಸಿ, ಒಂದು ಕೈಯಿಂದ ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯಿಂದ ಹೊರಕೊಳವೆಯನ್ನು ಮಾತ್ರ ಒತ್ತಿದರು. ಅವರಿಗೆ ಆರಕ್ಕೆ ಆರೂ ಹೆಚ್ಚುಕಡಿಮೆ ಬಂತು. ಒಂದು ಜೋಡಿ ಸಿರಿಂಜನ್ನು ತಲೆಕೆಳಗಾಗಿ ಇಟ್ಟು, ಯಾವುದು ಮೇಲೆ ಎಂದು ಮರೆತು ಜಗಳವಾಡಿತು. ಅಂದಿನಿಂದ ಪ್ರತಿ ಮಾದರಿಗೂ ‘ಮೇಲೆ’ ಎಂದು ಬರೆದು ಬಾಣದ ಗುರುತು ಹಾಕುವ ನಿಯಮ ಮಕ್ಕಳೇ ಮಾಡಿಕೊಂಡರು.

“ವೃಷಭಾವತಿಯಲ್ಲೇ ತೆಗೆಯೋಣ ಮಿಸ್” ಎಂಬ ಬೇಡಿಕೆ ಬಂದೇ ಬಂತು. ಒಪ್ಪಲಿಲ್ಲ. ಕೊಳಚೆ ನೀರಿನ ಕೆಸರಿನಲ್ಲಿ ರೋಗಾಣು, ರಾಸಾಯನಿಕ ಎರಡೂ ಇರುತ್ತವೆ. ದಡ ಜಾರುತ್ತದೆ. ಮಳೆ ಬಂದರೆ ನೀರು ಹಠಾತ್ತನೆ ಏರುತ್ತದೆ. ಮಕ್ಕಳನ್ನು ರಾಜಕಾಲುವೆಯ ಹತ್ತಿರ ಕರೆದೊಯ್ಯುವ ಚಟುವಟಿಕೆಯನ್ನು ಯಾವ ಪ್ರಶಿಕ್ಷಣಾರ್ಥಿಯೂ ಯೋಜಿಸಬಾರದು. ಕೆರೆಯ ದಡವಾದರೂ ಸಂಬಂಧಪಟ್ಟವರ ಅನುಮತಿ ಬೇಕು. ಡಬ್ಬಿಯ ಕೆರೆ ಸಾಕು.

ತಿದ್ದಿಕೊಂಡ ಉತ್ತರ

ಮೂರನೆಯ ತರಗತಿಯ ಆರಂಭದಲ್ಲೇ ನಾನು ಎಲ್ಲರ ಮುಂದೆ ಹೇಳಿದೆ: “ಮೊನ್ನೆ ತಾತನ ಹೊಲದ ಮಣ್ಣು ಚೆನ್ನಾಗಿದೆ ಎಂದೆನಲ್ಲ, ಅದು ತಪ್ಪು. ಹಾಗೆ ಹೇಳಲು ನನ್ನ ಹತ್ತಿರ ಆಧಾರ ಇರಲಿಲ್ಲ.” ನನ್ನ ಧ್ವನಿ ನಡುಗಿತ್ತು. ಹುಡುಗಿ ಮಾತ್ರ ನೇರವಾಗಿ, “ಹಾಗಾದ್ರೆ ಹೇಗೆ ಗೊತ್ತಾಗುತ್ತೆ?” ಎಂದಳು.

ಅದನ್ನೇ ತರಗತಿಯ ಪ್ರಶ್ನೆಯಾಗಿಸಿದೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಗೊಬ್ಬರದ ಪ್ರಶ್ನೆಗೆ ಇದು ಉತ್ತರ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಈ ಪಟ್ಟಿಯಲ್ಲಿಲ್ಲ. ಬೈರಮಂಗಲದ ಸುತ್ತಿನ ನೀರು, ಮಣ್ಣುಗಳಲ್ಲಿ ಭಾರಲೋಹಗಳನ್ನು ಅಧ್ಯಯನಗಳು ದಾಖಲಿಸಿರುವಾಗ, ಅವನ್ನು ಬೇರೆಯಾಗಿಯೇ ಪರೀಕ್ಷಿಸಲು ಕೇಳಬೇಕು. ಮಣ್ಣಿನಲ್ಲಿದ್ದದ್ದೆಲ್ಲ ಸೊಪ್ಪಿಗೆ ಹೋಗುವುದಿಲ್ಲ. ಹಾಗಾಗಿ ಸೊಪ್ಪನ್ನೂ ಪರೀಕ್ಷಿಸಬೇಕು.

ಮಾದರಿ ಎಲ್ಲಿಂದ? ಮಕ್ಕಳ ಚರ್ಚೆಯಿಂದ ಹೊರಬಂದ ಯೋಜನೆ ಇದು. ಕಾಲುವೆ ನೀರು ಹಾಯುವ ಹೊಲದಲ್ಲಿ 0–15 ಸೆಂ.ಮೀ. ಮತ್ತು 15–30 ಸೆಂ.ಮೀ. ಮಣ್ಣು ಬೇರೆ ಬೇರೆ ಚೀಲದಲ್ಲಿ. ನೀರಿನೊಂದಿಗೆ ಬಂದ ಲೋಹ ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಅದೇ ಊರಿನಲ್ಲಿ, ಅದೇ ಬಗೆಯ ಮಣ್ಣಿನ, ಮಳೆಯನ್ನೇ ನಂಬಿದ ಹೊಲದಿಂದ ಮೂರನೆಯ ಚೀಲ. ಕಲ್ಲಿನಿಂದಲೇ ಬಂದ ಲೋಹ ಎಷ್ಟು, ನೀರು ತಂದದ್ದು ಎಷ್ಟು ಎಂದು ಬೇರ್ಪಡಿಸಲು ಈ ಹೋಲಿಕೆ ಬೇಕೇ ಬೇಕು. ಈ ಮೂರನೆಯ ಚೀಲದ ಸಲಹೆ ಎಂಟು ಸೆಂಟಿಮೀಟರ್ ಕೇಳಿದ ಹುಡುಗನದು.

ಎರಡು ವಾರದ ನಂತರ ಅವಳು ಊರಿಗೆ ಹೋಗಿಬಂದಳು. ತಾತ ಮೊದಲು ನಕ್ಕರಂತೆ, ಆಮೇಲೆ ತಾವೇ ಗುದ್ದಲಿ ಬಿಟ್ಟು ಮರದ ಕರಣೆ ಹುಡುಕಿದರಂತೆ. ಮೂರು ಬಟ್ಟೆ ಚೀಲಗಳು, ಮೂರರ ಮೇಲೂ ಚೀಟಿ. ಒಂದು ಭಾಗವನ್ನು ಕಾರ್ಡಿಗಾಗಿ ರೈತ ಸಂಪರ್ಕ ಕೇಂದ್ರಕ್ಕೆ ತಾತ ಕೊಟ್ಟರು. ಭಾರಲೋಹದ ಪರೀಕ್ಷೆಗೆ ಎಲ್ಲಿ, ಎಷ್ಟು ಖರ್ಚಿನಲ್ಲಿ ಸಾಧ್ಯ ಎಂದು ಮಾರ್ಗದರ್ಶಕ ಮೇಡಂ ವಿಚಾರಿಸುತ್ತಿದ್ದಾರೆ. ನನ್ನ ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ ಯಾವ ಫಲಿತಾಂಶವೂ ಬಂದಿರಲಿಲ್ಲ.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

ಐದು ‘ಇ’ ಮಾದರಿಯಲ್ಲಿ ಪಾಠ ಯೋಜಿಸುವವರು ಪೈಪಿನ ಕೋರನ್ನು ತೊಡಗಿಸಿಕೊಳ್ಳುವಿಕೆಗೆ, ಕುಗ್ಗಿದ ಅಳತೆಯನ್ನು ಅನ್ವೇಷಣೆಗೆ, ಎರಡು ಬಗೆಯ ಮಾದರಿಗಳನ್ನು ವಿವರಣೆಗೆ, ಸಿರಿಂಜನ್ನು ವಿಸ್ತರಣೆಗೆ ಇಡಬಹುದು. ಮೌಲ್ಯಮಾಪನಕ್ಕೆ ನಾನು ವ್ಯಾಖ್ಯೆ ಕೇಳಲಿಲ್ಲ. ಮೂರು ಸನ್ನಿವೇಶ ಕೊಟ್ಟು, ಪ್ರತಿಯೊಂದಕ್ಕೂ ಬೆರೆಸಿದ ಮಾದರಿಯೋ, ಕೊಳವೆ ಮಾದರಿಯೋ, ಏಕೆ ಎಂದು ಬರೆಯಲು ಹೇಳಿದೆ. ಖರ್ಚು ಪೈಪ್, ಟೇಪ್, ಕ್ಲ್ಯಾಂಪ್, ಸಿರಿಂಜುಗಳಿಗೆ ಮಾತ್ರ. ಸಮಯ ಮಾತ್ರ ನಲವತ್ತು ನಿಮಿಷದ ಒಂದು ತರಗತಿಗೆ ಹಿಡಿಯುವುದಿಲ್ಲ. ಪೈಪ್ ಇಳಿಸುವುದನ್ನು ಬೆಳಗಿನ ಪ್ರಾರ್ಥನೆಗೆ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು.

ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಈಗ ‘ಬೋಧನೋಪಕರಣಗಳು’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿಕೊಂಡಿದ್ದೇನೆ: ‘ಈ ಉಪಕರಣ ಉತ್ತರಿಸಲಾರದ ಪ್ರಶ್ನೆಗಳು’. ಪಿಎಚ್ ಕಾಗದದ ಎದುರು ಮೊದಲು ಬರೆದದ್ದು ಸೊಪ್ಪು ಎಂದು.